ಒಂದು ಬೈಕು, ಮೂರು ಜನ, ನಾಲ್ಕು ಗಂಟೆ

ಊರಲ್ಲಿ ಬೈಕ್ ರೇಸ್ ಅಂದ್ರೆ ಜನಕ್ಕೆ ತಲೆಗೆ ಬರೋದು ಎರಡೇ, ಒಂದು ಟೀವಿಲಿ ಬರೋ ಮೋಟೋಜಿಪಿ, ಇನ್ನೊಂದು ರಾತ್ರಿ ಹೊತ್ತು ಏರ್‌ಪೋರ್ಟ್ ರೋಡಲ್ಲಿ ಹುಡುಗರು ಮಾಡೋ ಹುಚ್ಚಾಟ. ನಾನಿಲ್ಲಿ ಅಮೇರಿಕದಲ್ಲಿ ಮಾಡೋದು ಎರಡೂ ಅಲ್ಲ, ಎಂಡ್ಯೂರೆನ್ಸ್ ರೇಸ್, ಅಂದ್ರೆ ಒಂದೇ ಬೈಕನ್ನ ಟೀಮಿನವರು ಸರದಿ ಮೇಲೆ ಗಂಟೆಗಟ್ಲೆ ಓಡ್ಸೋದು ಅಂತ ಅಮ್ಮಂಗೆ, ಮಾವಂಗೆ, ಕಾಲೇಜ್ ಫ್ರೆಂಡ್ಸಿಗೆ ಫೋನಲ್ಲಿ ತುಂಡು ತುಂಡಾಗಿ ಹೇಳ್ತಾನೇ ಇದೀನಿ, ಅದಕ್ಕೇ ಒಂದ್ಸಲ ಕೂತು ಪೂರ್ತಿ ಬರೆದುಬಿಡೋಣ ಅನ್ನಿಸ್ತು.

ನಾವಿರೋದು ನಾರ್ತ್ ಕೆರೊಲಿನಾದ ಕೇರಿ ಅನ್ನೋ ಊರಲ್ಲಿ, ರಾಲಿ ಪಕ್ಕ. ನಂದು ಸಾಫ್ಟ್‌ವೇರ್ ಕೆಲ್ಸ, ಹೆಂಡತಿದೂ ಅದೇ, ಅವಳಿಗೆ ಆನ್‌ಕಾಲ್ ಬೇರೆ. ಇಬ್ಬರು ಮಕ್ಕಳು, ಶನಿವಾರ ಈಜು, ಭಾನುವಾರ ಕನ್ನಡ ಕ್ಲಾಸು, ಮಧ್ಯದಲ್ಲಿ ಯಾರದ್ದಾದ್ರೂ ಬರ್ತ್‌ಡೇ ಪಾರ್ಟಿ ಇಲ್ದೇ ಇರೋ ವಾರವೇ ಇಲ್ಲ. ಮನೆಯಿಂದ ಉತ್ತರಕ್ಕೆ ಸುಮಾರು ಒಂದೂವರೆ ಗಂಟೆ ಗಾಡಿ ಓಡ್ಸಿದ್ರೆ ರಾಜ್ಯದ ಗಡಿ ದಾಟಿ ವರ್ಜೀನಿಯಾ ಇಂಟರ್‌ನ್ಯಾಷನಲ್ ರೇಸ್‌ವೇ ಸಿಗುತ್ತೆ, ಎಲ್ರೂ ವಿಐಆರ್ ಅಂತಾರೆ. 1957ರಲ್ಲಿ ಶುರುವಾಗಿ, 1974ರಲ್ಲಿ ಮುಚ್ಚಿ, ಮತ್ತೆ 2000ದಲ್ಲಿ ತೆರೆದ ಟ್ರ್ಯಾಕು. ಪೂರ್ತಿ ಸುತ್ತು 3.27 ಮೈಲಿ, ಸುತ್ತ ಕಾಡು, ಏರು ಇಳಿತ ಜಾಸ್ತಿ, ಕ್ಲೈಂಬಿಂಗ್ ಎಸ್ಸಸ್ ಅನ್ನೋ ಕಡೆ ಎಡ ಬಲ ಎಡ ಬಲ ಅಂತ ಬೈಕನ್ನ ಮಲಗಿಸ್ತಾ ದಿಣ್ಣೆ ಹತ್ತಬೇಕು, ಎದುರಿಗೆ ಆಕಾಶ ಬಿಟ್ರೆ ಏನೂ ಕಾಣಲ್ಲ. ಓಕ್ ಟ್ರೀ ಅಂತ ಒಂದು ತಿರುವಿದೆ, ಆ ಹೆಸರಿನ ಮರ 2013ರಲ್ಲೇ ಬಿದ್ದೋಯ್ತು, ಹೆಸರು ಮಾತ್ರ ಹಾಗೇ ಉಳ್ಕೊಂಡಿದೆ.

ಈಗ ರೇಸಿನ ವಿಷ್ಯ. ಸ್ಪ್ರಿಂಟ್ ರೇಸ್ ಅಂದ್ರೆ ಹತ್ತು ಹನ್ನೆರಡು ಸುತ್ತು, ಒಬ್ಬ ರೈಡರು, ಒಂದು ಬೈಕು, ಮುಗೀತು. ಎಂಡ್ಯೂರೆನ್ಸ್ ಹಾಗಲ್ಲ. ಅಮೇರಿಕದ ಈ ಭಾಗದಲ್ಲಿ ವೆರಾ ಅನ್ನೋ ಸಂಸ್ಥೆಯ ಲೈಸೆನ್ಸ್ ತಗೊಂಡು ನಮ್ಮಂಥ ನೌಕರಿ ಮಾಡೋ ಜನ ನಾಲ್ಕು ಗಂಟೆ ರೇಸ್ ಓಡ್ತಾರೆ, ಬೈಕು ಒಂದೇ, ರೈಡರುಗಳು ಸರದಿ ಮೇಲೆ ಹತ್ತೋದು. ನಮ್ಮ ಟೀಮಲ್ಲಿ ಮೂರು ಜನ. ಒಬ್ಬ ಪ್ಲಂಬರು, ಆರಡಿ ಮೇಲಿದಾನೆ. ಇನ್ನೊಬ್ರು ಐಸಿಯು ನರ್ಸು, ನನಗಿಂತ ದೊಡ್ಡೋರು, ಎತ್ತರ ಐದಡಿ ಅಷ್ಟೇ, ಮೂರು ಜನದಲ್ಲಿ ಜಾಸ್ತಿ ಫಾಸ್ಟ್ ಇರೋದೂ ಅವ್ರೇ. ಮೂರನೆಯವನು ನಾನು. ಬೈಕು ಕವಾಸಾಕಿ ನಿಂಜಾ 400, ಸೆಕೆಂಡ್ ಹ್ಯಾಂಡು, 399 ಸಿಸಿ, 14 ಲೀಟರ್ ಟ್ಯಾಂಕು.

ಆರಡಿ ಆಸಾಮಿಗೂ ಐದಡಿ ಮನುಷ್ಯರಿಗೂ ಒಂದೇ ಬೈಕು ಹೊಂದಿಸೋದಿದ್ಯಲ್ಲ, ಅದೇ ಒಂದು ದೊಡ್ಡ ಕಥೆ. ಬ್ರೇಕ್ ಲಿವರ್ ಎಷ್ಟು ಕೆಳಗಿರಬೇಕು, ಕಾಲಿಡೋ ಫುಟ್‌ಪೆಗ್ ಎಷ್ಟು ಹಿಂದಿರಬೇಕು, ಗೇರ್ ಯಾವ ಕಡೆ, ಎಲ್ಲದಕ್ಕೂ ಮೂರು ಜನ ಒಪ್ಪಬೇಕು. ಕೊನೆಗೆ ಲಿವರ್ ನರ್ಸಮ್ಮನ ಬೆರಳಿಗೆ, ಪೆಗ್ಗು ಪ್ಲಂಬರ್ ಮಂಡಿಗೆ ಅಂತ ಆಯ್ತು, ಗೇರಲ್ಲಿ ಮಾತ್ರ ನನ್ನ ಮಾತು ನಡೀತು. ಒಂದನೇ ಗೇರು ಮೇಲಕ್ಕೆ, ಮಿಕ್ಕಿದ್ದೆಲ್ಲ ಕೆಳಕ್ಕೆ ಹಾಕೋದಕ್ಕೆ ಇಲ್ಲಿ ಜಿಪಿ ಶಿಫ್ಟ್ ಅಂತಾರೆ, ಎಡಗಡೆ ಪೂರ್ತಿ ವಾಲಿದಾಗ ಕಾಲ್ಬೆರಳು ಗೇರ್ ಕೆಳಗೆ ತೂರಿಸೋ ಕಷ್ಟ ಇರಲ್ಲ. ಅವರಿಬ್ರಿಗೂ ಇದು ಅಭ್ಯಾಸ ಆಗೋಕೆ ಟೈಮ್ ಹಿಡೀತು. ಹಾಸನದಲ್ಲಿ ಸ್ಪ್ಲೆಂಡರ್ ಓಡ್ಸಿ ಬೆಳೆದ ನನಗೆ ಗೇರ್ ಕೆಳಕ್ಕೊತ್ತಿ ಏರಿಸೋದು ಮೊದ್ಲಿಂದಾನೂ ಕಾಲಿಗೆ ಗೊತ್ತಿತ್ತು.

ಕೆಲ್ಸ ನಡೆಯೋದೆಲ್ಲ ರಾತ್ರಿ. ಮಕ್ಕಳು ಮಲಗಿದ್ಮೇಲೆ, ಪಾತ್ರೆ ಎಲ್ಲ ಡಿಶ್‌ವಾಷರಿಗೆ ಹಾಕಿ, ಗ್ಯಾರೇಜ್ ಲೈಟ್ ಆನ್ ಮಾಡಿದ್ರೆ ನನ್ನ ಪಾಲಿನ ದಿನ ಶುರು. ಸೇಫ್ಟಿ ವೈರ್ ಅಂತ ಒಂದು ಕೆಲ್ಸ ಇದೆ, ನನಗೆ ತುಂಬಾ ಇಷ್ಟ ಅದು. ಇಂಜಿನ್ ಆಯಿಲ್ ಡ್ರೈನ್ ಬೋಲ್ಟು, ಫಿಲ್ಲರ್ ಕ್ಯಾಪು, ಬ್ರೇಕ್ ಕ್ಯಾಲಿಪರ್ ಬೋಲ್ಟು, ಇವುಗಳ ತಲೆಯಲ್ಲಿ ಸಣ್ಣ ತೂತು ಕೊರೆದು, ಅದರೊಳಗೆ ಸ್ಟೀಲ್ ತಂತಿ ತೂರಿಸಿ, ಇಕ್ಕಳದಲ್ಲಿ ತಿರುಚಿ ತಿರುಚಿ ಪಕ್ಕದ ಏನಕ್ಕಾದ್ರೂ ಬಿಗಿಯಾಗಿ ಕಟ್ಟಬೇಕು. ತಂತಿ ಎಳೆಯೋ ದಿಕ್ಕು ಬೋಲ್ಟ್ ಟೈಟ್ ಆಗೋ ದಿಕ್ಕೇ ಇರ್ಬೇಕು, ಆಗ ಅದು ಎಷ್ಟೇ ಅದುರಿದ್ರೂ ಸಡಿಲ ಆಗಿ ಬಿಚ್ಚಿಕೊಳ್ಳೋ ಹಾಗಿಲ್ಲ. ಡ್ರಿಲ್ಲನ್ನ ಅವಸರ ಪಡಿಸಿದ್ರೆ ಅದರ ಮೊನೆ ಪಟ್ ಅಂತ ಮುರಿಯುತ್ತೆ, ಒಂದೊಂದು ಹನಿ ಎಣ್ಣೆ ಬಿಡ್ತಾ ನಿಧಾನಕ್ಕೆ ಕೊರೀಬೇಕು. ಇಷ್ಟೆಲ್ಲ ಯಾಕೆ ಅಂದ್ರೆ, ಒಂದು ಬೈಕಿಂದ ಒಂದು ಲೋಟ ಆಯಿಲ್ ಟ್ರ್ಯಾಕ್ ಮೇಲೆ ಚೆಲ್ಲಿದ್ರೆ ಬೀಳೋದು ಹಿಂದೆ ಬರೋರು. ರೇಡಿಯೇಟರಲ್ಲೂ ಕೂಲಂಟ್ ಇಡೋ ಹಾಗಿಲ್ಲ, ಅದು ಜಾರುತ್ತೆ, ಬರೀ ನೀರು ಹಾಕಬೇಕು. ನಮ್ಮ ಬೈಕಿನ ಮೇಲೆ ಹಾಕೋ ಅರ್ಧ ಶ್ರಮ ಹೀಗೆ ಬೇರೆಯವರ ಮೈ ಕಾಪಾಡೋಕೆ, ಅವರ ಶ್ರಮ ನಮ್ಮ ಮೈ ಕಾಪಾಡೋಕೆ. ನನಗೆ ಈ ಆಟದ ಮೇಲೆ ಗೌರವ ಹುಟ್ಟಿದ್ದೇ ಇದರಿಂದ.

ಇಡೀ ರೇಸು ಒಂದೇ ಟ್ರ್ಯಾಕಲ್ಲಿ ಎಲ್ಲ ಕ್ಲಾಸಿನ, ಅಂದ್ರೆ ಚಿಕ್ಕದು ದೊಡ್ಡದು ಎಲ್ಲ ಗುಂಪಿನ ಬೈಕೂ ಒಟ್ಟಿಗೆ. ಸಾವಿರ ಸಿಸಿ ಬೈಕುಗಳು ಸ್ಟ್ರೈಟಲ್ಲಿ ನಮ್ಮನ್ನ ನಿಂತಲ್ಲೇ ಬಿಟ್ಟಂಗೆ ದಾಟಿ ಹೋಗ್ತವೆ, ಮೊದಮೊದ್ಲು ಗಾಳಿ ಹೊಡೆತಕ್ಕೇ ಎದೆ ಝಲ್ ಅನ್ನುತ್ತೆ. ಆಗ ನಿಧಾನ ಇರೋನು ಮಾಡಬೇಕಾದ್ದು ಒಂದೇ, ತನ್ನ ಲೈನ್ ಬಿಡದೆ ಹೋಗ್ತಾ ಇರೋದು. ದಾರಿ ಬಿಡೋಣ ಅಂತ ಪಕ್ಕಕ್ಕೆ ಸರಿದ್ರೇನೇ ಅಪಾಯ, ಹುಷಾರಾಗಿ ದಾಟೋ ಜವಾಬ್ದಾರಿ ಹಿಂದಿನಿಂದ ಬರೋನದು. ಆದ್ರೆ ದೊಡ್ಡ ಬೈಕು ಹಿಂದಿನ ಟೈರನ್ನ ತಿಂದು ಹಾಕುತ್ತೆ, ಪೆಟ್ರೋಲೂ ಜಾಸ್ತಿ. ನಮ್ದು ಒಂದೇ ಜೊತೆ ಟೈರಲ್ಲಿ ನಾಲ್ಕು ಗಂಟೆನೂ ಓಡುತ್ತೆ, ಒಂದು ಟ್ಯಾಂಕು ಹೆಚ್ಚು ಕಡಿಮೆ ಒಂದು ಗಂಟೆ ಬರುತ್ತೆ. ಸಂಬಳದಲ್ಲಿ ರೇಸ್ ಮಾಡೋರಿಗೆ ಚಿಕ್ಕ ಬೈಕೇ ಸರಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಫ್ರಾನ್ಸಿನ ಬೋಲ್ ಡೋರ್ ಅನ್ನೋ 24 ಗಂಟೆ ರೇಸ್ 1922ರಲ್ಲಿ ಶುರುವಾದಾಗ ಇಡೀ ದಿನಕ್ಕೂ ಒಬ್ಬನೇ ರೈಡರು, 1950ರ ದಶಕದವರೆಗೂ ಹಾಗೇ ನಡೀತಿತ್ತು, ಜೊತೆಗಾರ ಬಂದಿದ್ದು ಆಮೇಲೆ. ಜಪಾನಿನ ಸುಜುಕಾ 8 ಗಂಟೆ ರೇಸು ಮೊದಲ ಸಲ ನಡೆದಿದ್ದು 1978ರಲ್ಲಿ, ಹೋಂಡಾ ಕಂಪನಿಯ ಟೀಮುಗಳನ್ನ ಹಿಂದೆ ಹಾಕಿ ಗೆದ್ದಿದ್ದು ಯೋಶಿಮುರಾ ಅನ್ನೋ ಟ್ಯೂನಿಂಗ್ ಅಂಗಡಿಯೋರು ರೆಡಿ ಮಾಡಿದ ಸುಜುಕಿ ಜಿಎಸ್1000, ಓಡ್ಸಿದ್ದು ಇಬ್ಬರು ಅಮೇರಿಕದೋರು, ವೆಸ್ ಕೂಲಿ ಮತ್ತೆ ಮೈಕ್ ಬಾಲ್ಡ್ವಿನ್. ಪ್ರತಿ ಸುತ್ತಲ್ಲೂ ಒಂದೆರಡು ಸೆಕೆಂಡ್ ಹಿಂದಿದ್ರೂ ಬೈಕ್ ಕೆಡದಂಗೆ, ಬೀಳದಂಗೆ ಕೊನೇತನಕ ಓಡೋ ಟೀಮಿಗೂ ಈ ಆಟದಲ್ಲಿ ಜಾಗ ಇದೆ.

ಮನೆ ಸಂಸಾರ ಇರೋರಿಗೆ ಇದು ಒಗ್ಗೋದು ಅದಕ್ಕೇನೇ. ಖರ್ಚು ಮೂರು ಪಾಲು, ರಿಪೇರಿ ಮೂರು ಪಾಲು, ಟೆನ್ಷನ್ನೂ ಮೂರು ಪಾಲು. ನನ್ನ ಮಗಳಿಗೆ ಜ್ವರ ಬಂದ ವಾರ ಪ್ಲಂಬರೇ ಬಂದು ನಮ್ಮ ಗ್ಯಾರೇಜಿಂದ ಬೈಕ್ ತಗೊಂಡೋಗಿ ಚೈನು, ಬ್ರೇಕ್ ಪ್ಯಾಡು ಎಲ್ಲ ಅವನೇ ಹಾಕ್ದ. ಅವನ ಮನೆ ಶಿಫ್ಟ್ ಮಾಡುವಾಗ ಸೋಫಾ ಹೊತ್ತಿದ್ದು ನಾನು ಮತ್ತೆ ನರ್ಸಮ್ಮನ ಗಂಡ.

ಹೆಂಡತಿ ಜೊತೆ ಮೊದಲೇ ಮಾತಾಡ್ಕೊಂಡಿದೀವಿ. ವರ್ಷಕ್ಕೆ ಎಷ್ಟು ರೌಂಡ್, ಅಂದ್ರೆ ಎಷ್ಟು ರೇಸು ಅಂತ ಜನವರಿಲೇ ಕ್ಯಾಲೆಂಡರ್ ಇಟ್ಕೊಂಡು ಕೂರ್ತೀವಿ, ಅವಳ ಆನ್‌ಕಾಲ್ ವಾರ ತಳ್ಳಿಹಾಕ್ತೀವಿ, ಯುಗಾದಿ ಕಾರ್ಯಕ್ರಮ, ಮಕ್ಕಳ ಸ್ಕೂಲ್ ರಜ ತಳ್ಳಿಹಾಕ್ತೀವಿ, ಉಳಿದಿದ್ರಲ್ಲಿ ಆರಿಸೋದು. ಲೈಫ್ ಇನ್ಶೂರೆನ್ಸ್ ಫಾರ್ಮಲ್ಲಿ ಮೋಟಾರ್ ರೇಸಿಂಗ್ ಮಾಡ್ತೀರಾ ಅಂತ ಕೇಳ್ತಾರೆ, ಹೌದು ಅಂತ ಬರೆದು ಪ್ರೀಮಿಯಂ ಜಾಸ್ತಿ ಕಟ್ತಾ ಇದೀನಿ, ಅದು ಅವಳು ಹಾಕಿದ ಮೊದಲ ಷರತ್ತು. ಎರಡನೇದು ಸೂಟ್ ಒಳಗೆ ಏರ್‌ಬ್ಯಾಗ್ ವೆಸ್ಟ್. ಎರಡೂ ಸರಿಯಾದ ಷರತ್ತೇ. ಅಮ್ಮಂದು ಒಂದೇ ಮಾತು, "ಇಬ್ರು ಮಕ್ಕಳವ್ರೆ ಕಣೋ, ನೆನಪಿಟ್ಕೋ." ನೆನಪಿದೆ ಅಮ್ಮ.

ಈ ಸಲದ ಬೇಸಿಗೆ ರೇಸಲ್ಲಿ ಮೂರನೇ ಗಂಟೆ ಹೊತ್ತಿಗೆ ಓಕ್ ಟ್ರೀ ತಿರುವಲ್ಲಿ ಪ್ಲಂಬರ್ ಬಿದ್ದ, ಮುಂದಿನ ಟೈರು ಜಾರಿಬಿಡ್ತು. ನಾನು ಹೆಲ್ಮೆಟ್ ಹಾಕ್ಕೊಂಡು ನನ್ನ ಸರದಿಗೆ ರೆಡಿ ನಿಂತಿದ್ದೆ. ಅವನು ಎದ್ದು ನಿಂತ ಅಂತ ಗೊತ್ತಾಗೋವರೆಗೂ ಯಾರ ಬಾಯಲ್ಲೂ ಮಾತಿಲ್ಲ. ಬೈಕನ್ನ ಟ್ರಕ್ಕಲ್ಲಿ ಹಾಕ್ಕೊಂಡು ತಂದ್ರು, ಒಂದು ಕಡೆ ಹ್ಯಾಂಡಲ್ ಬಾಗಿದೆ, ಬಲಗಡೆ ಪೆಗ್ ಮುರಿದಿದೆ, ಬೈಕಿನ ಹೊರಕವಚ, ಅಂದ್ರೆ ಫೇರಿಂಗಲ್ಲಿ ಹುಲ್ಲು ಮಣ್ಣು ಸಿಕ್ಕಿಕೊಂಡಿದೆ. ಮೆಡಿಕಲ್‌ನೋರು ನೋಡಿ ಬಿಟ್ಟ ಮೇಲೂ ನರ್ಸಮ್ಮ ಅವನನ್ನ ಚೇರಲ್ಲಿ ಕೂರಿಸಿ ಇನ್ನೊಂದ್ಸಲ ಕಣ್ಣು, ಕತ್ತು, ಬೆರಳು ಎಲ್ಲ ನೋಡಿದ್ರು. ನಾನು ಬಾಗಿದ ಹ್ಯಾಂಡಲ್ ತೆಗೆದು ಸ್ಪೇರ್ ಹಾಕ್ದೆ, ನರ್ಸಮ್ಮನ ಗಂಡ ಪೆಗ್ ಹಾಕಿದ್ರು, ಬ್ರೇಕ್ ಲಿವರ್ ಸರಿ ಮಾಡಿ, ಫೇರಿಂಗಿಗೆ ಟೇಪ್ ಸುತ್ತಿ, ಬಿದ್ದ ಬೈಕನ್ನ ಮತ್ತೆ ಇನ್‌ಸ್ಪೆಕ್ಷನ್ ಮಾಡಿಸದೆ ಬಿಡಲ್ಲ ಅಂತ ತಳ್ಕೊಂಡು ಅಲ್ಲಿಗೆ ಓಡಿದ್ವಿ. ಪಾಸ್ ಅಂತ ಸ್ಟಿಕ್ಕರ್ ಸಿಕ್ತು. ಪೆಟ್ರೋಲ್ ತುಂಬುವಾಗ ಇಂಜಿನ್ ಆಫು, ಪಕ್ಕದಲ್ಲಿ ಒಬ್ಬ ಫೈರ್ ಎಕ್ಸ್‌ಟಿಂಗ್ವಿಷರ್ ಪಿನ್ ತೆಗೆದು ಹಿಡ್ಕೊಂಡು ನಿಂತಿರ್ಬೇಕು, ಎಷ್ಟೇ ಅರ್ಜೆಂಟ್ ಇದ್ರೂ ಅದನ್ನ ಬಿಡೋ ಹಾಗಿಲ್ಲ. ನಾನು ಹತ್ತಿ ಹೊರಟೆ. ಮಧ್ಯಾಹ್ನದ ಬಿಸಿಲು, ಲೆದರ್ ಸೂಟ್ ಒಳಗೆ ಬೆವರು, ಇಪ್ಪತ್ತು ನಿಮಿಷ ಆಗೋಷ್ಟರಲ್ಲಿ ಮುಂಗೈ ಬಿಗಿದು ಕಲ್ಲಾಗಿತ್ತು, ಸ್ಟ್ರೈಟ್ ಬಂದಾಗೆಲ್ಲ ಎಡಗೈ ಒದರಿ ಒದರಿ ರಕ್ತ ಓಡಾಡಿಸ್ತಾ ಹೋದೆ. ಕೊನೆ ಸರದಿ ನರ್ಸಮ್ಮಂದು, ರಿಪೇರಿ ಹೊತ್ತಲ್ಲಿ ನಾವು ಕಳ್ಕೊಂಡ ಸುತ್ತುಗಳಲ್ಲಿ ಒಂದೆರಡನ್ನ ಅವ್ರು ವಾಪಸ್ ತಗೊಂಡ್ರು. ಮಕ್ಕಳಿಗೆ ಪಿಟ್ ಲೇನ್, ಅಂದ್ರೆ ಬೈಕು ಬಂದು ನಿಲ್ಲೋ ಜಾಗದ ಒಳಗೆ ಬಿಡಲ್ಲ, ಅದಕ್ಕೆ ಮಗಳು ಬೇಲಿ ಆಚೆ ಕೂತು ಫೋನಲ್ಲಿ ಲೈವ್ ಟೈಮಿಂಗ್ ನೋಡ್ತಾ ಪ್ರತಿ ಸುತ್ತಿನ ಟೈಮು ಒಂದು ನೋಟ್‌ಬುಕ್ಕಲ್ಲಿ ಬರೆದಿದ್ಲು. ನಮ್ಮ ಕ್ಲಾಸಲ್ಲಿ ಕೊನೆಯಿಂದ ಎರಡನೆಯೋರು ನಾವು. ಸ್ಪ್ರಿಂಟಲ್ಲಿ ಆಗಿದ್ರೆ ಬಿದ್ದ ಕ್ಷಣವೇ ಆಟ ಮುಗಿದಿರ್ತಿತ್ತು, ಇಲ್ಲಿ ಸಾಯಂಕಾಲ ರೇಸ್ ಮುಗೀತು ಅಂತ ಬೀಸೋ ಚೆಕರ್ಡ್ ಫ್ಲ್ಯಾಗ್ ನೋಡಿದ್ವಿ, ನನಗೆ ಅವತ್ತು ಆದ ಖುಷಿ ಬೇರೆ ಯಾವ ರಿಸಲ್ಟಲ್ಲೂ ಆಗಿಲ್ಲ.

ಬೆಂಗಳೂರಲ್ಲಿರೋ ತಮ್ಮಂದಿರು ಮೆಸೇಜ್ ಮಾಡ್ತಾ ಇರ್ತಾರೆ, ಶುರು ಹೇಗೆ ಮಾಡೋದು ಅಂತ. ಮೊದ್ಲು ರಸ್ತೆ ಮೇಲಿನ ಸ್ಪೀಡ್ ಬಿಡಿ. ಚೆನ್ನೈ ಹತ್ರ ಇರುಂಗಾಟ್ಟುಕೋಟ್ಟೈಲಿ ಟ್ರ್ಯಾಕಿದೆ, ಕೊಯಮತ್ತೂರಲ್ಲಿ ಕರಿ ಸ್ಪೀಡ್‌ವೇ ಇದೆ, ಅಲ್ಲಿ ಟ್ರೇನಿಂಗ್, ಟ್ರ್ಯಾಕ್ ಡೇ (ರೇಸ್ ಇಲ್ದೇ ಟ್ರ್ಯಾಕಲ್ಲಿ ಬೈಕ್ ಓಡ್ಸೋ ದಿನ) ನಡೀತವೆ. ಸೂಟು, ಗ್ಲೌಸು, ಬೂಟಿಗೆ ದುಡ್ಡು ಹಾಕಿ, ಬೈಕಿಗೆ ಆಮೇಲೆ ಹಾಕಿದ್ರಾಯ್ತು. ಜೊತೆಗೆ ನಂಬೋ ಅಂಥ ಇಬ್ಬರನ್ನ ಹುಡುಕ್ಕೊಳಿ, ಅದು ಬೈಕ್ ಹುಡುಕೋದಕ್ಕಿಂತ ಕಷ್ಟ.

ಮುಂದಿನ ಸೀಸನ್ನಿಗೆ ನರ್ಸಮ್ಮನ ಡ್ಯೂಟಿ ರೋಸ್ಟರ್ ಇನ್ನೂ ಬಂದಿಲ್ಲ, ಬಂದ್ಮೇಲೆ ರೌಂಡ್ ಆರಿಸ್ತೀವಿ. ರಾಲಿ ಕಡೆ ಇರೋ ಕನ್ನಡದೋರು ಯಾರಾದ್ರೂ ನೋಡೋಕೆ ಬರೋದಾದ್ರೆ ಹೇಳಿ, ಕುರ್ಚಿ, ಇಯರ್‌ಪ್ಲಗ್ಗು, ನೀರು ತಂದ್ರೆ ಸಾಕು, ಪುಳಿಯೋಗರೆ ನಮ್ಮನೇದು.