ಬನ್ನಿಯ ಬಳಗ ಯಾವುದು?

ವಿಜಯದಶಮಿಯಂದು ಜಂಬೂಸವಾರಿ ಬನ್ನಿಮಂಟಪದ ದಾರಿ ಹಿಡಿಯುವುದನ್ನು ನೋಡುತ್ತಲೇ ಮೈಸೂರಿನಲ್ಲಿ ಬೆಳೆದ ನನಗೆ, ಬನ್ನಿ ಎಂದು ನಾವು ಪೂಜಿಸುವ ಪ್ರೊಸೊಪಿಸ್ ಸಿನರೇರಿಯಾ ಮರವೇ ಥಾರ್ ಮರುಭೂಮಿಯಲ್ಲಿ ಜನ, ಜಾನುವಾರುಗಳನ್ನು ಸಲಹುವ ಖೇಜ್ರಿ ಎಂದು ತಿಳಿದದ್ದು ಸಸ್ಯಶಾಸ್ತ್ರ ಓದಲು ಬಂದ ಮೇಲೆ. (ನಮ್ಮ ಸೀಮೆಯಲ್ಲಿ ಸೆನೆಗಾಲಿಯಾ ಫೆರುಜಿನಿಯಾ ಎಂಬ ಬೇರೊಂದು ಮುಳ್ಳುಮರಕ್ಕೂ ಬನ್ನಿ ಎನ್ನುವುದುಂಟು, ಇಲ್ಲಿ ಅದರ ಮಾತಲ್ಲ.)

ಕೆರೆಯಂಗಳಗಳನ್ನು ನುಂಗಿರುವ ಬಳ್ಳಾರಿ ಜಾಲಿ ಅಮೆರಿಕದಿಂದ ಬಂದದ್ದು. ಆದರೂ ಗರಿಯಂಥ ಎಲೆ, ತೆನೆಯಂಥ ಹೂಗೊಂಚಲು, ಬಿರಿಯದ ಸಿಹಿ ಕಾಯಿ ಇವನ್ನು ಕಂಡು ಅದನ್ನೂ ಬಹುಕಾಲ ಪ್ರೊಸೊಪಿಸ್ ಕುಲದಲ್ಲೇ ಇರಿಸಿದ್ದರು. ಇಂಥ ಹೋಲಿಕೆ ರಕ್ತಸಂಬಂಧದಿಂದ ಬಂದದ್ದೋ, ಒಣಭೂಮಿಯ ಬದುಕು ಎರಡನ್ನೂ ಒಂದೇ ಅಚ್ಚಿಗೆ ತಂದದ್ದೋ ಎಂಬುದನ್ನು ಕಣ್ಣು ತೀರ್ಮಾನಿಸಲಾರದು. ಅದಕ್ಕೆ ಡಿಎನ್‌ಎ ಓದಬೇಕು.

ಒಣನಾಡಿನ ಗಿಡಗಳಲ್ಲಿ ಆ ಓದಿಗಿಂತ ಅದರ ಸಿದ್ಧತೆಯೇ ಹೆಚ್ಚು ಕಾಡುತ್ತದೆ. ಎಳೆಯ ಎಲೆಯನ್ನು ಕಿತ್ತ ಕೂಡಲೇ ಸಿಲಿಕಾ ಜೆಲ್ ಹರಳುಗಳ ನಡುವೆ ಹಾಕಿ ಒಣಗಿಸಿ, ನುಣ್ಣಗೆ ಅರೆದು, ಕೋಶಗಳ ಪೊರೆಯನ್ನು ಒಡೆಯುವ ಸಿಟಿಎಬಿ ದ್ರಾವಣದಲ್ಲಿ ಬಿಸಿಯಾಗಿರಿಸಿ, ಕ್ಲೋರೋಫಾರ್ಮ್‌ನಿಂದ ಪ್ರೋಟೀನು ಕಳೆದ ಮೇಲೆ ಆಲ್ಕೋಹಾಲ್ ಬೆರೆಸಿದರೆ, ಬಿಳಿಯ ನೂಲಿನಂತೆ ಡಿಎನ್‌ಎ ತೇಲಿ ಬರಬೇಕು. ನನ್ನ ಮೊದಲ ಯತ್ನದಲ್ಲಿ ಬಂದದ್ದು ಕಂದು ಬಣ್ಣದ ಲೋಳೆ. ಎಲೆಯ ಒಗರಿನ ಪಾಲಿಫಿನಾಲ್‌ಗಳೂ ಲೋಳೆಯ ಪಾಲಿಸ್ಯಾಕರೈಡ್‌ಗಳೂ ಡಿಎನ್‌ಎಗೆ ಅಂಟಿಕೊಂಡರೆ, ಓದಲು ಬೇಕಾದಷ್ಟು ಡಿಎನ್‌ಎ ಪ್ರತಿಗಳನ್ನು ಮಾಡಿಕೊಡುವ ಪಿಸಿಆರ್ ಕಿಣ್ವ ಕೆಲಸ ಮಾಡುವುದಿಲ್ಲ. ಮುಂದಿನ ಸಲ ಪಾಲಿಫಿನಾಲ್‌ಗಳನ್ನು ಹಿಡಿದಿಡುವ ಪಿವಿಪಿ ಎಂಬ ಪುಡಿ ಸೇರಿಸಿ, ಉಪ್ಪಿನ ಪ್ರಮಾಣ ಹೆಚ್ಚಿಸಿದಾಗ ಆ ಬಿಳಿ ನೂಲು ಕಂಡಿತು. ಅದನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ.

ಒಂದೆರಡು ಜೀನ್‌ಗಳು ಹೇಳುವ ಕಥೆ ಕೆಲವೊಮ್ಮೆ ದಾರಿ ತಪ್ಪಿಸುವುದರಿಂದ, ಈ ಬಳಗದ ವಂಶವೃಕ್ಷವನ್ನು ಕಟ್ಟಿದವರು ಕೋಶಕೇಂದ್ರದ 997 ಜೀನ್‌ಗಳನ್ನು ಹೋಲಿಸಿದರು. ಹಳೆಯ ಪ್ರೊಸೊಪಿಸ್‌ನ ಪ್ರಭೇದಗಳು ಒಂದೇ ಕವಲಿನಲ್ಲಿ ಕೂಡಲಿಲ್ಲ. 2022ರಲ್ಲಿ ಆ ಕುಲವನ್ನು ನಾಲ್ಕಾಗಿ ಒಡೆದರು. ಬಳ್ಳಾರಿ ಜಾಲಿ ನೆಲ್ಟೂಮಾ ಜೂಲಿಫ್ಲೋರಾ ಆಯಿತು. 1767ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಪ್ರೊಸೊಪಿಸ್ ಕುಲವನ್ನು ಸ್ಥಾಪಿಸಿದ್ದು ಬನ್ನಿಯನ್ನೇ ಆಧಾರವಾಗಿ ಇಟ್ಟುಕೊಂಡಾದ್ದರಿಂದ, ಹಳೆಯ ಹೆಸರು ಬನ್ನಿಗೇ ಉಳಿಯಿತು. ಇದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿ.

ಹೀಗೆ ಬೇರೆಯೆಂದು ತಿಳಿದ ಮೇಲೆ ಮರದ ಮುಂದೆ ನಿಂತರೆ ಮುಳ್ಳೂ ಅದನ್ನೇ ಹೇಳುತ್ತದೆ. ಜಾಲಿಯ ಮುಳ್ಳು ಗೆಣ್ಣಿನಲ್ಲೇ ಮೂಡುತ್ತದೆ. ಬನ್ನಿಯದು ಎರಡು ಗೆಣ್ಣುಗಳ ನಡುವೆ, ಕೊಂಬೆಯುದ್ದಕ್ಕೂ ಚದುರಿರುತ್ತದೆ. ಮಂಡ್ಯದ ಕಡೆ ಕೆರೆಯಂಗಳದ ಜಾಲಿ ಕಡಿಸುವವರು ಮಚ್ಚು ಬೀಸುವ ಮುನ್ನ ಒಂದು ಕೊಂಬೆಯನ್ನು ಬಗ್ಗಿಸಿ ಗೆಣ್ಣುಗಳ ನಡುವೆ ನೋಡಲಿ ಎಂದು ಕೇಳಿಕೊಳ್ಳುತ್ತೇನೆ.