ಲೇಲ್ಯಾಂಡ್ ಆಕ್ಟೋಪಸ್ 1:24: ಚಾಸಿಯಿಂದ ಕೆಂಪು ಬಣ್ಣದವರೆಗೆ

ನಾನು ಮಾಡುತ್ತಿರುವ ಲೇಲ್ಯಾಂಡ್ ಆಕ್ಟೋಪಸ್ ಲಾರಿಯ ಪುಟ್ಟ ಮಾಡೆಲ್ (ಅಸಲಿ ಲಾರಿಯ ಇಪ್ಪತ್ನಾಲ್ಕನೇ ಒಂದು ಭಾಗದ ಅಳತೆ) ಕೊನೆಗೂ ಬಣ್ಣದ ಹಂತ ದಾಟಿತು. ಚಳಿಗಾಲದಲ್ಲಿ ಹಿಡಿದ ಕೆಲಸ ಇದು. ಇಲ್ಲಿಯವರೆಗೆ ಏನೇನಾಯಿತು, ಇನ್ನೇನು ಬಾಕಿ ಇದೆ ಅಂತ ಬರೆದಿಡುತ್ತಿದ್ದೇನೆ. ಹಳೇ ಲಾರಿಗಳ ಹುಚ್ಚು ಇರುವವರು ಕನ್ನಡದಲ್ಲೂ ಸಾಕಷ್ಟು ಜನ ಇದ್ದೀರಿ.

ಮೊದಲ ಸಲ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಾನಿರುವುದು ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ. ಇಲ್ಲಿ ಲೇಲ್ಯಾಂಡ್ ಅಂತ ಒಂದು ಊರಿದೆ. ಲೇಲ್ಯಾಂಡ್ ಲಾರಿ ಕಂಪನಿಗೆ ಹೆಸರು ಬಂದಿದ್ದು ಆ ಊರಿನಿಂದಲೇ. ಅವರು ತಮ್ಮ ಲಾರಿಗಳಿಗೆ ಪ್ರಾಣಿಗಳ ಹೆಸರಿಡುತ್ತಿದ್ದರು: ಬೀವರ್, ಹಿಪ್ಪೋ, ಬಫಲೋ, ಆಕ್ಟೋಪಸ್. ಎಂಟು ಚಕ್ರದ ಲಾರಿಗೆ ಆಕ್ಟೋಪಸ್ ಅನ್ನೋ ಹೆಸರು ಎಷ್ಟು ಸರಿಹೊಂದುತ್ತೆ, ಅಲ್ವಾ? ನಮ್ಮ ಕಡೆ ಹಳಬರಿಗೆ ಕಾಮೆಟ್ ಲಾರಿ ಚೆನ್ನಾಗಿ ಗೊತ್ತು. 1948ರಲ್ಲಿ ಶುರುವಾದ ಅಶೋಕ್ ಮೋಟಾರ್ಸ್ ಮೊದಲು ಆಸ್ಟಿನ್ ಕಾರುಗಳನ್ನು ಜೋಡಿಸುತ್ತಿತ್ತು. ಆಮೇಲೆ ಮದ್ರಾಸಿನ ಎನ್ನೂರಿನಲ್ಲಿ ಲೇಲ್ಯಾಂಡ್ ಕಾಮೆಟ್ ಜೋಡಿಸಲು ಹಿಡಿದು, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ನಮ್ಮ ಘಾಟಿಗಳನ್ನು ಹತ್ತಿಳಿದ ಕಾಮೆಟ್‌ಗಳಿಗೆ ಈ ಸಣ್ಣ ಊರೇ ತವರು.

ಆಕ್ಟೋಪಸ್ ಭಾರತದ ರಸ್ತೆಯ ಲಾರಿಯಲ್ಲ. ಅದು ಪೂರ್ತಿ ಬ್ರಿಟಿಷ್ ರಸ್ತೆಯ ಕೂಸು. ಅದನ್ನೇ ಆರಿಸಿಕೊಳ್ಳೋದಕ್ಕೆ ಕಾರಣ ಇದೆ. ಈ ಲಾರಿಯ ಪ್ರತಿಯೊಂದು ಅಳತೆಯ ಹಿಂದೆ ಆಗಿನ ಒಂದಲ್ಲ ಒಂದು ಕಾನೂನು ಇದೆ. ಕತ್ತರಿಸಿ, ಉಜ್ಜಿ, ಅಂಟಿಸುತ್ತಾ ಹೋದಂತೆ ಅದು ಕೈಗೇ ತಿಳಿಯುತ್ತದೆ.

ಚಾಸಿ

ನನಗೆ ಬೇಕಾದ ಮಾದರಿಗೆ ಈ ಸ್ಕೇಲಿನಲ್ಲಿ ಕಿಟ್ ಸಿಗಲಿಲ್ಲ. ಹಾಗಾಗಿ ಎಲ್ಲವನ್ನೂ ಪ್ಲಾಸ್ಟಿಕ್ ಶೀಟಿನಿಂದಲೇ ಮಾಡುತ್ತಿದ್ದೇನೆ. ಅಸಲಿ ಲಾರಿಯ ಉದ್ದ 30 ಅಡಿ. ಆಗ ಟ್ರೇಲರ್ ಇಲ್ಲದ ಒಂಟಿ ಲಾರಿ ಇದಕ್ಕಿಂತ ಉದ್ದ ಇರುವಂತಿರಲಿಲ್ಲ. ಮಾಡೆಲ್‌ನಲ್ಲಿ ಅದು 381 ಮಿಲಿಮೀಟರ್. ಅಗಲ ಏಳೂವರೆ ಅಡಿ, ಅಂದರೆ 95 ಮಿಲಿಮೀಟರ್. ಎದುರಿಗೆ ಇಟ್ಟುಕೊಂಡರೆ ಎಷ್ಟು ಸಪೂರ ಅಂತ ಆಶ್ಚರ್ಯವಾಗುತ್ತದೆ. ಬ್ರಿಟನ್ನಿನ ಹಳೇ ಊರುಗಳ ಬೀದಿ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಎಂಟು ಚಕ್ರ ಯಾಕೆ? ತೂಕಕ್ಕಾಗಿ. ನಾಲ್ಕು ಚಕ್ರದ ಲಾರಿಗೆ ಆಗ ಲೋಡು ಸೇರಿ 12 ಟನ್ ಮಿತಿ. ಆರು ಚಕ್ರಕ್ಕೆ 19. ಎಂಟಕ್ಕೆ 22, ಅದು 1955ರಲ್ಲಿ 24 ಆಯಿತು. ಜಾಸ್ತಿ ಹೊರಬೇಕಾದರೆ ಇನ್ನೊಂದು ಆಕ್ಸಲ್ ಹಾಕು, ಇಷ್ಟೇ ಲೆಕ್ಕ. ಹಿಂದಿನ ಜೋಡಿ ಟೈರುಗಳನ್ನು ಇಲ್ಲಿಯವರು ಒಂದೇ ಚಕ್ರ ಅಂತ ಎಣಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಇದು ಹನ್ನೆರಡು ಚಕ್ರದ ಲಾರಿ. ಸ್ಟೆಪ್ನಿ ಸೇರಿ ಹದಿಮೂರು ಟೈರು ಬೇಕಾಯಿತು. ಒಂದನ್ನು ಚೆನ್ನಾಗಿ ಮಾಡಿ, ಸಿಲಿಕೋನ್ ಅಚ್ಚು ತೆಗೆದು, ಉಳಿದವನ್ನು ರೆಸಿನ್‌ನಲ್ಲಿ ಎರಕ ಹೊಯ್ದೆ.

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಮುಂದಿನ ಸ್ಟೇರಿಂಗ್. ಮುಂದೆ ಎರಡು ಆಕ್ಸಲ್. ಎರಡೂ ತಿರುಗಬೇಕು, ಆದರೆ ಒಂದೇ ಅಳತೆಗೆ ತಿರುಗಬಾರದು. ಲಾರಿ ತಿರುವು ತೆಗೆದುಕೊಳ್ಳುವಾಗ ಮೊದಲನೇ ಆಕ್ಸಲ್ ಜಾಸ್ತಿ ಹೊರಳಬೇಕು, ಎರಡನೆಯದು ಕಡಿಮೆ. ಇಲ್ಲದಿದ್ದರೆ ಟೈರು ರಸ್ತೆಗೆ ಉಜ್ಜಿ ಸವೆದುಹೋಗುತ್ತದೆ. ಇದಕ್ಕೆ ಅವರು ಮಾಡಿದ ಉಪಾಯ ಬಲು ಸರಳ. ಮೊದಲ ಆಕ್ಸಲಿನಿಂದ ಹಿಂದಕ್ಕೆ ಒಂದು ಉದ್ದ ರಾಡು. ನಡುವೆ ಚಾಸಿಗೆ (ಲಾರಿಯ ಅಡಿಯ ಚೌಕಟ್ಟಿಗೆ) ಕೂರಿಸಿದ ಒಂದು ಲಿವರ್. ಒಳಬರುವ ರಾಡು ಲಿವರಿನ ಬುಡದಿಂದ ದೂರದ ತೂತಿಗೆ, ಎರಡನೇ ಆಕ್ಸಲಿಗೆ ಹೋಗುವ ರಾಡು ಹತ್ತಿರದ ತೂತಿಗೆ. ದೂರದ ತುದಿ ಎಷ್ಟು ಓಡಿದರೂ ಹತ್ತಿರದ್ದು ಅಷ್ಟು ಓಡುವುದಿಲ್ಲ. ಅಷ್ಟೇ! ಹಿತ್ತಾಳೆ ತಂತಿ, ಹಿತ್ತಾಳೆ ತಗಡಿನಲ್ಲಿ ಇದನ್ನೇ ಚಿಕ್ಕದಾಗಿ ಮಾಡಿದೆ. ಈಗ ಮುಂದಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿದರೆ ಎರಡನೆಯದು ತನ್ನಷ್ಟಕ್ಕೆ ತಾನೇ, ಸ್ವಲ್ಪ ಕಡಿಮೆ, ಹೊರಳುತ್ತದೆ. ಸುಮ್ನೆ ಕೂತು ಅದನ್ನೇ ತಿರುಗಿಸುತ್ತಾ ಇರಬೇಕು ಅನಿಸುತ್ತದೆ.

ಕ್ಯಾಬಿನ್ ಮತ್ತು ಎಂಜಿನ್

ಉದ್ದಕ್ಕೆ ಮಿತಿ ಇದ್ದಾಗ ಕ್ಯಾಬಿನ್ನಿಗೆ ಕೊಟ್ಟ ಒಂದೊಂದು ಇಂಚೂ ಲೋಡಿನಿಂದ ಕಳೆದ ಹಾಗೆ. ಅದಕ್ಕೇ ಈ ಲಾರಿಗೆ ಮೂಗಿಲ್ಲ. ಕ್ಯಾಬಿನ್ ಚೌಕಾಕಾರ, ನೆಟ್ಟಗೆ ನಿಂತಿದೆ. ಎಂಜಿನ್ ಕ್ಯಾಬಿನ್ನಿನ ಒಳಗೇ, ಡ್ರೈವರ್ ಪಕ್ಕದಲ್ಲಿ. ಮುಂದೆ ದೊಡ್ಡ ರೇಡಿಯೇಟರ್, ಯಾವ ಮುಸುಕೂ ಇಲ್ಲದೆ. ಆ ಕಾಲದ ಬ್ರಿಟಿಷ್ ಲಾರಿಗಳನ್ನು ದೂರದಿಂದಲೇ ರೇಡಿಯೇಟರ್ ನೋಡಿ ಹೇಳಬಹುದಿತ್ತಂತೆ. ಆಟ್ಕಿನ್ಸನ್‌ಗೆ ವೃತ್ತದೊಳಗೆ ದೊಡ್ಡ ‘ಎ’. ಗೈ ಲಾರಿಗೆ ಮೇಲೆ ಗರಿ ಮುಡಿದ ಅಮೆರಿಕದ ಮೂಲನಿವಾಸಿಯ ತಲೆ.

ಎಂಜಿನ್ ಲೇಲ್ಯಾಂಡಿನದೇ ಒ.600. 9.8 ಲೀಟರ್ ಡೀಸೆಲ್, 125 ಅಶ್ವಶಕ್ತಿ. ಇ.ಆರ್.ಎಫ್., ಆಟ್ಕಿನ್ಸನ್, ಫೋಡನ್‌ನಂಥ ಬೇರೆಯವರು ಮ್ಯಾಂಚೆಸ್ಟರ್ ಪಕ್ಕದ ಗಾರ್ಡ್ನರ್ ಎಂಜಿನ್ನಿಗೆ ಮುಗಿಬೀಳುತ್ತಿದ್ದರು. ಗಾರ್ಡ್ನರ್ 6ಎಲ್‌ಡಬ್ಲ್ಯೂ ಕೊಡುತ್ತಿದ್ದದ್ದು ಅದಕ್ಕಿಂತಲೂ ಕಡಿಮೆ, 102 ಅಶ್ವಶಕ್ತಿ. ಆದರೆ ಎಣ್ಣೆ ಕಡಿಮೆ ಕುಡಿಯುತ್ತಿತ್ತು, ಕೆಡುವುದು ಅಪರೂಪ. ಅಂದಹಾಗೆ ಇ.ಆರ್.ಎಫ್. ಕಂಪನಿ ಹುಟ್ಟಿದ್ದೇ ಮನೆ ಜಗಳದಿಂದ. ಫೋಡನ್ ಕುಟುಂಬ ಸ್ಯಾಂಡ್‌ಬ್ಯಾಚ್ ಊರಿನಲ್ಲಿ ಹಬೆಯ ಲಾರಿ ಮಾಡಿ ಹೆಸರು ಮಾಡಿತ್ತು. ಮುಂದಿನ ಕಾಲ ಡೀಸೆಲ್‌ನದು ಅಂತ ಮಗ ಎಡ್ವಿನ್ ರಿಚರ್ಡ್ ಫೋಡನ್ ಹಟ ಹಿಡಿದು ಹೊರಗೆ ಬಂದು, 1933ರಲ್ಲಿ ಅದೇ ಊರಿನಲ್ಲಿ ತನ್ನ ಹೆಸರಿನ ಮೊದಲ ಅಕ್ಷರಗಳಲ್ಲೇ ಬೇರೆ ಕಂಪನಿ ತೆಗೆದ. ಎರಡೂ ದಶಕಗಟ್ಟಲೆ ಅಕ್ಕಪಕ್ಕದಲ್ಲೇ ಲಾರಿ ಮಾಡಿದವು.

22 ಟನ್ನಿಗೆ 125 ಅಶ್ವಶಕ್ತಿ. ಈಗಿನ ದೊಡ್ಡ ಲಾರಿಗಳ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಇದರ ಅರ್ಥ ಏನು ಅಂತ ತಿಳಿಯಬೇಕಾದರೆ ಶಾಪ್ ಗುಡ್ಡಕ್ಕೆ ಹೋಗಬೇಕು. ಇಂಗ್ಲೆಂಡಿನ ಪಶ್ಚಿಮದ ಕಡೆಯಿಂದ ಸ್ಕಾಟ್ಲೆಂಡಿನ ದಿಕ್ಕಿಗೆ ಹೋಗುವ ಎ6 ರಸ್ತೆ ಅಲ್ಲಿ ಸುಮಾರು 1,400 ಅಡಿ ಎತ್ತರಕ್ಕೆ ಏರುತ್ತದೆ. ಗಾಳಿ, ಮಂಜು, ಹಿಮ. ಲಾರಿಗಳು ಕೆಳಗಿನ ಗೇರಿನಲ್ಲಿ ಸಾಲಾಗಿ ನಡಿಗೆಯ ವೇಗದಲ್ಲಿ ಹತ್ತುತ್ತಿದ್ದವು. ಡ್ರೈವರುಗಳು ನಿಲ್ಲುತ್ತಿದ್ದ ಜಂಗಲ್ ಕೆಫೆ ಅಲ್ಲೇ ಇತ್ತು. 1970ರಲ್ಲಿ ಎಂ6 ಮೋಟಾರ್‌ವೇ ಆ ಭಾಗಕ್ಕೆ ಬಂದ ಮೇಲೆ ಹಳೇ ರಸ್ತೆ ಖಾಲಿಯಾಯಿತು. ಗುಡ್ಡದ ನೆತ್ತಿಯ ಬಳಿ ಈಗ ಒಂದು ಸ್ಮಾರಕ ಇದೆ. ಆ ಕಷ್ಟದ ದಾರಿಯಲ್ಲಿ ಉತ್ತರ ದಕ್ಷಿಣಗಳನ್ನು ಜೋಡಿಸಿದ ಡ್ರೈವರುಗಳಿಗೆ ಅರ್ಪಿಸಿದ್ದು. ರಾಜರಿಗೆ, ಸೇನಾಪತಿಗಳಿಗೆ ಕಲ್ಲು ನಿಲ್ಲಿಸುವುದನ್ನು ನೋಡಿದ್ದೇನೆ. ಲಾರಿ ಡ್ರೈವರಿಗೆ ನಿಲ್ಲಿಸಿದ್ದನ್ನು ನೋಡಿ ಮನಸ್ಸು ತುಂಬಿತು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ನಮ್ಮವರಿಗೂ ಇಂಥದ್ದೊಂದು ಬೇಕು.

ಇನ್ನು ವೇಗ. ಭಾರದ ಲಾರಿಗಳಿಗೆ 1957ರವರೆಗೆ ಗಂಟೆಗೆ 20 ಮೈಲಿ ಮಿತಿ. 1930ರ ಕಾನೂನಿನ ಪ್ರಕಾರ ಒಬ್ಬ ಡ್ರೈವರ್ 24 ಗಂಟೆಯಲ್ಲಿ 11 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ. ಗುಣಿಸಿ ನೋಡಿ: 220 ಮೈಲಿ, ಅದೂ ಒಂದೇ ಸಮ ಓಡಿಸಿದರೆ. ಲಂಡನ್ನಿನಿಂದ ಗ್ಲಾಸ್ಗೋಗೆ ಸುಮಾರು 400 ಮೈಲಿ. ಹಾಗಾಗಿ ದಾರಿ ಮಧ್ಯೆ ಒಂದು ಊರಿನಲ್ಲಿ ಎರಡು ಕಡೆಯ ಡ್ರೈವರುಗಳು ಸೇರಿ ಲಾರಿ ಬದಲಾಯಿಸಿಕೊಂಡು ತಮ್ಮ ತಮ್ಮ ಊರಿಗೆ ವಾಪಸಾಗುವ ಪದ್ಧತಿ ಬಂತು. ಇಲ್ಲವೇ ಡ್ರೈವರುಗಳಿಗೆಂದೇ ಇದ್ದ ಬಾಡಿಗೆ ಮನೆಗಳಲ್ಲಿ ರಾತ್ರಿ ತಂಗುತ್ತಿದ್ದರು. ಕ್ಯಾಬಿನ್ನಿನ ಒಳಗೆ ಮಲಗುವ ಜಾಗ ಮಾಡಬೇಕೋ ಬೇಡವೋ ಅನ್ನೋ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಈ ಲೆಕ್ಕದಿಂದ. ಬೇಡ. ಎರಡು ಸೀಟು, ನಡುವೆ ಎಂಜಿನ್ನಿನ ಮುಚ್ಚಳ, ಮೇಲೊಂದು ಟೀ ಫ್ಲಾಸ್ಕು.

ಬಣ್ಣ

ಈ ಹಂತದ ಬಗ್ಗೆ ತುಂಬಾ ಯೋಚನೆ ಮಾಡಿದೆ. ನನ್ನ ಲಾರಿ 1947ರಲ್ಲಿ ಒಂದು ಖಾಸಗಿ ಟ್ರಾನ್ಸ್‌ಪೋರ್ಟ್ ಕಂಪನಿಗೆ ಬಂದದ್ದು, ಆಮೇಲೆ ಸರ್ಕಾರಕ್ಕೆ ಹೋದದ್ದು ಅಂತ ಇಟ್ಟುಕೊಂಡೆ.

1933ರಿಂದಲೇ ಬ್ರಿಟನ್ನಿನಲ್ಲಿ ಲಾರಿಗೆ ಮೂರು ಬಗೆಯ ಲೈಸೆನ್ಸ್ ಇತ್ತು. ಬೇರೆಯವರ ಸರಕು ಸಾಗಿಸಲು ಎ, ಸ್ವಂತದ್ದೂ ಬಾಡಿಗೆಯದ್ದೂ ಎರಡೂ ಸಾಗಿಸಲು ಬಿ, ಬರೀ ಸ್ವಂತ ಸರಕಿಗೆ ಸಿ. ಲಾರಿಗಳ ಪೈಪೋಟಿಯಿಂದ ರೈಲ್ವೆಗೆ ಹೊಡೆತ ಬೀಳುತ್ತಿದ್ದ ಕಾಲ ಅದು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಬಂದ ‘ಪಬ್ಲಿಕ್ ಕ್ಯಾರಿಯರ್’, ‘ಪ್ರೈವೇಟ್ ಕ್ಯಾರಿಯರ್’ ಪರ್ಮಿಟ್ಟುಗಳೂ ಇದೇ ಜಾತಿಯವು. ಲಾರಿ ಹಣೆ ಮೇಲೆ ‘ಪಬ್ಲಿಕ್ ಕ್ಯಾರಿಯರ್’ ಅಂತ ಬರೆದಿರುತ್ತಿದ್ದದ್ದು ನೆನಪಿದೆಯಾ?

ಯುದ್ಧ ಮುಗಿದ ಮೇಲೆ 1947ರ ಸಾರಿಗೆ ಕಾಯ್ದೆ ಬಂತು. 1948ರಿಂದ ದೂರದ ಊರುಗಳಿಗೆ ಸರಕು ಸಾಗಿಸುವ ಖಾಸಗಿ ಕಂಪನಿಗಳನ್ನು ಸರ್ಕಾರ ಒಂದೊಂದಾಗಿ ವಹಿಸಿಕೊಂಡಿತು. ತಮ್ಮ ನೆಲೆಯಿಂದ 25 ಮೈಲಿ ದೂರದೊಳಗೆ ದುಡಿಯುವವರು ಉಳಿದರು. ಬರೀ ಸ್ವಂತ ಸರಕು ಸಾಗಿಸುವವರನ್ನೂ ಮುಟ್ಟಲಿಲ್ಲ. ಮಿಕ್ಕವರೆಲ್ಲ ‘ಬ್ರಿಟಿಷ್ ರೋಡ್ ಸರ್ವಿಸಸ್’ ಹೆಸರಿನ ಕೆಳಗೆ ಬಂದರು. ತಲೆಮಾರುಗಳಿಂದ ಬಂದ ನೀಲಿ, ಮರೂನ್, ಹಸಿರು, ಬಂಗಾರದ ಗೆರೆ, ನೆರಳು ಹಾಕಿದ ಅಕ್ಷರ, ಎಲ್ಲದರ ಮೇಲೆ ಕೆಂಪು ಬಿತ್ತು. 1953ರಲ್ಲಿ ಹೊಸ ಸರ್ಕಾರ ಲಾರಿಗಳನ್ನು ಮತ್ತೆ ಖಾಸಗಿಯವರಿಗೆ ಮಾರಲು ಶುರು ಮಾಡಿತು. 1956ರಲ್ಲಿ ಮಾರಾಟ ನಿಂತಿತು. ಉಳಿದವು ಕೆಂಪಿನಲ್ಲೇ ಓಡಿದವು.

ನನಗೆ ಆ ಕೆಂಪು ಇಷ್ಟ. ಆದರೆ ಅದರ ಕೆಳಗಿನ ಬಣ್ಣವೂ ಲಾರಿಯ ಜೀವನದ ಭಾಗವೇ. ಅದನ್ನು ಬಿಟ್ಟು ಮಾಡೆಲ್ ಮಾಡಲು ಮನಸ್ಸಾಗಲಿಲ್ಲ. ಅದಕ್ಕೆ ಮೊದಲು ಇಡೀ ಕ್ಯಾಬಿನ್ನಿಗೆ ಮರೂನ್ ಹೊಡೆದೆ. ಬಾಗಿಲಿಗೆ ತೆಳುವಾದ ಹಳದಿ ಗೆರೆ ಎಳೆದೆ. ಚೆನ್ನಾಗಿ ಒಣಗಿಸಿ, ಬಾಗಿಲ ಅಂಚು, ಮೆಟ್ಟಿಲು, ಹಿಡಿಕೆಯ ಸುತ್ತ ಹೇರ್‌ಸ್ಪ್ರೇ ಹಾಕಿ, ಅದರ ಮೇಲೆ ಏರ್‌ಬ್ರಷ್‌ನಿಂದ ಅಕ್ರಿಲಿಕ್ ಕೆಂಪು. ಆಮೇಲೆ ಒದ್ದೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ಹೇರ್‌ಸ್ಪ್ರೇ ಕರಗಿ ಮೇಲಿನ ಕೆಂಪು ಚೂರು ಚೂರು ಎದ್ದು ಬರುತ್ತದೆ. ಡ್ರೈವರ್ ದಿನಾ ಕಾಲಿಡುವ ಮೆಟ್ಟಿಲ ಪಕ್ಕ, ಕೈ ಹಿಡಿಯುವ ಕಡೆ, ಈಗ ಮರೂನ್ ಇಣುಕುತ್ತದೆ. ಎಡಬಾಗಿಲ ಕೆಳ ಅಂಚಿನಲ್ಲಿ ಹಳದಿ ಗೆರೆಯ ಒಂದು ತುಣುಕೂ ಕಾಣುತ್ತದೆ. ಕಾಸಿನ ಅಗಲವೂ ಇಲ್ಲ ಅದು. ನನಗೆ ಇಡೀ ಮಾಡೆಲ್‌ನಲ್ಲಿ ಅತ್ಯಂತ ಪ್ರಿಯವಾದ ಜಾಗ ಅದೇ.

ಹೆಸರು ಬರೆಸುವ ಚಟ ಮಾತ್ರ ಇಲ್ಲಿ ಸಾಯಲಿಲ್ಲ. ಕಾರ್ಲೈಲ್‌ನ ರಾಬ್ಸನ್ಸ್ ಕಂಪನಿ ಪ್ರತಿ ಲಾರಿಗೂ ‘ಬಾರ್ಡರ್’ ಅಂತ ಶುರುವಾಗುವ ಹೆಸರಿಡುತ್ತಿತ್ತು. ಅದೇ ಸೀಮೆಯ ಎಡ್ಡಿ ಸ್ಟೋಬಾರ್ಟ್ ಲಾರಿಗಳಿಗೆ ಹೆಣ್ಣುಮಕ್ಕಳ ಹೆಸರು: ಟ್ವಿಗ್ಗಿ, ಟ್ಯಾಮಿ, ಡಾಲಿ. ನಮ್ಮ ಲಾರಿಗಳ ಮೇಲೆ ಮಾಲೀಕರ ಮಕ್ಕಳ ಹೆಸರು ಓದಿ ಬೆಳೆದವನಿಗೆ ಇದು ಸ್ವಂತ ಊರಿನ ಸಂಗತಿಯಂತೆ ಕಾಣುತ್ತದೆ.

ಟಾರ್ಪಾಲು, ಹಗ್ಗ

ಈಗ ನಡೆಯುತ್ತಿರುವುದು ಇದು. ಹಳೇ ಹತ್ತಿ ಬಟ್ಟೆಯನ್ನು ನೀರು ಬೆರೆಸಿದ ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ಅದ್ದಿ ಲೋಡಿನ ಮೇಲೆ ಹೊದಿಸುತ್ತಿದ್ದೇನೆ. ಇದಕ್ಕೆ ಲೇಲ್ಯಾಂಡಿನ ವಾಣಿಜ್ಯ ವಾಹನ ಮ್ಯೂಸಿಯಮ್ಮಿನಲ್ಲಿ ಸಿಕ್ಕ ಒಬ್ಬ ನಿವೃತ್ತ ಡ್ರೈವರ್ ಗುರುಗಳಾದರು. ಮಾಡೆಲ್‌ನ ಫೋಟೋ ತೋರಿಸಿದೆ. “ಹಿಂದಿನ ಟಾರ್ಪಾಲು ಮೊದಲು ಹಾಕಪ್ಪ, ಮುಂದಿನದು ಅದರ ಮೇಲೆ ಬರಲಿ” ಅಂದರು. ಕಾರಣ ಕೇಳಬೇಕಾಗಿಯೇ ಇರಲಿಲ್ಲ. ಲಾರಿ ಮುಂದಕ್ಕೆ ಓಡುವಾಗ ಗಾಳಿ ಮಳೆ ಜೋಡಣೆಯ ಒಳಗೆ ನುಗ್ಗಬಾರದು. ಹೆಂಚು ಹೊದಿಸುವ ಲೆಕ್ಕವೇ.

ಹಗ್ಗದ ಗಂಟನ್ನೂ ಕಲಿಸಿದರು. ಇಲ್ಲಿಯವರು ಅದಕ್ಕೆ ಡಾಲಿ ಅನ್ನುತ್ತಾರೆ. ಮೇಲಿನಿಂದ ಇಳಿದ ಹಗ್ಗದಲ್ಲಿ ಒಂದು ಕುಣಿಕೆ ತಿರುವಿ, ಕೆಳಗಿನ ಉಳಿದ ಹಗ್ಗವನ್ನು ಬಾಡಿಯ ಕೊಕ್ಕೆಗೆ ಸಿಕ್ಕಿಸಿ ಎಳೆಯುವುದು. ಕುಣಿಕೆಯೇ ರಾಟೆಯ ಕೆಲಸ ಮಾಡುತ್ತದೆ, ಒಬ್ಬರೇ ಬಿಗಿಯಾಗಿ ಎಳೆಯಬಹುದು. ಬಿಚ್ಚುವಾಗ ಒಂದೇ ಎಳೆತಕ್ಕೆ ಸಡಿಲ. ನಮ್ಮ ಮಂಡಿಗಳಲ್ಲಿ ಹಮಾಲರು ಲೋಡು ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅರ್ಧ ಮಿಲಿಮೀಟರ್ ದಪ್ಪದ ಹತ್ತಿ ದಾರದಲ್ಲಿ, ಚಿಮುಟದಿಂದ, ನಿಜವಾದ ಡಾಲಿ ಗಂಟನ್ನೇ ಹಾಕುತ್ತಿದ್ದೇನೆ. ಬಲಬದಿ ಮುಗಿದಿದೆ, ಎಡಬದಿ ಅರ್ಧ ಆಗಿದೆ.

ಇದು ಮುಗಿದರೆ ಹೆಡ್‌ಬೋರ್ಡಿನ ಮೇಲಿನ ಅಕ್ಷರ. ಸ್ಟಿಕರ್ ಬೇಡ, ಕೈಯಲ್ಲೇ ಬರೆಯುವುದು ಅಂತ ತೀರ್ಮಾನಿಸಿದ್ದೇನೆ. ಆಮೇಲೆ ಹಿಂದೆ ಎಳೆಯುವ ಟ್ರೇಲರ್. ಆಗ ಟ್ರೇಲರ್ ಎಳೆಯುವ ಲಾರಿಯಲ್ಲಿ ಡ್ರೈವರ್ ಜೊತೆ ಇನ್ನೊಬ್ಬ ಇರಲೇಬೇಕು ಅಂತ ಕಾನೂನಿತ್ತು. ಹಾಗಾಗಿ ಎಡಗಡೆ ಸೀಟಿಗೆ ಒಬ್ಬ ಮನುಷ್ಯನನ್ನು ಮಾಡಬೇಕು. ಟೋಪಿ, ದಪ್ಪ ಕೋಟು. ಟ್ರೇಲರಿನ ಎಳೆಗೋಲಿನ ಅಳತೆ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.