ಒಂದು ಗೇಣು ಟೇಪು

1995ರ ಸೆಪ್ಟೆಂಬರ್ 21. ಗಣಪತಿ ಹಾಲು ಕುಡಿದ ದಿನ, ಅಂದರೆ ಗಣಪತಿ ವಿಗ್ರಹ ಚಮಚದಿಂದ ಹಾಲು ಕುಡಿಯುತ್ತಿದೆ ಅಂತ ದೇಶವೆಲ್ಲ ಸುದ್ದಿ ಹಬ್ಬಿದ ದಿನ. ನನ್ನ ವಯಸ್ಸಿನವರಿಗೆ ಖಂಡಿತ ನೆನಪಿರುತ್ತದೆ. ಮುಂಬೈಯ ಘಾಟ್‌ಕೋಪರ್‌ನ ನಮ್ಮ ಚಾಳಿನಲ್ಲಿ ಅವತ್ತು ಯಾರೂ ಮನೆಯೊಳಗೆ ನಿಲ್ಲಲಿಲ್ಲ. ಅಮ್ಮ ಸ್ಟೀಲ್ ಲೋಟಕ್ಕೆ ಹಾಲು ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಚಮಚ ಹಿಡಿದು ದೇವಸ್ಥಾನದ ಕ್ಯೂಗೆ ಹೋದರು. ತಮ್ಮನೂ ಹಿಂದೆಯೇ ಓಡಿದ. ನಾನು ಹೊಟ್ಟೆನೋವು ಅಂತ ಸುಳ್ಳು ಹೇಳಿ ಉಳಿದುಕೊಂಡೆ.

ಯಾಕೆಂದರೆ ನನ್ನ ಹತ್ತಿರ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಕ್ಯಾಸೆಟ್ ಇತ್ತು. ಎದುರು ಮನೆಯ ಅಕ್ಕ ಒಂದೇ ದಿನಕ್ಕೆ ಅಂತ ಕೊಟ್ಟಿದ್ದರು. ಸಂಜೆ ಅವರು ಆಫೀಸಿನಿಂದ ಬರುವಷ್ಟರಲ್ಲಿ ವಾಪಸ್ ಮಾಡಬೇಕಿತ್ತು. ನನಗೆ ಆಗ ಹನ್ನೊಂದು ವರ್ಷ.

ಆ ಹಾಡು ಯಾಕೆ ಅಷ್ಟು ಹಿಡಿಸಿತ್ತು ಅಂತ ಈಗ ಯೋಚಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಅಲ್ಲಿಯವರೆಗೆ ನಮಗೆ ಹಾಡು ಅಂದರೆ ಸಿನಿಮಾ ಹಾಡು. ಹಾಡುವವರು ಒಬ್ಬರು, ಕುಣಿಯುವವರು ಇನ್ನೊಬ್ಬರು. ಹಾಡಿದವರ ಮುಖ ಹೇಗಿದೆ ಅಂತಲೇ ಗೊತ್ತಿರುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಹಾಡಿದ ಹೆಂಗಸೇ ಕಣ್ಣೆದುರು ಇದ್ದಳು. ಟಿವಿಯಲ್ಲಿ ಅವಳು ರಾಣಿಯ ಹಾಗೆ ಕೂತಿರುತ್ತಿದ್ದಳು, ಗಂಡಸರು ಬಂದು ಬಂದು ಅವಳೆದುರು ನಿಲ್ಲುತ್ತಿದ್ದರು. ಆರಿಸುವವಳು ಅವಳು! ಕೊನೆಗೆ ಮರದ ಪೆಟ್ಟಿಗೆಯೊಳಗಿಂದ ಮಿಲಿಂದ್ ಸೋಮನ್ ಬರುತ್ತಿದ್ದ. ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ ನಾಲ್ಕು ಜನ ಇದ್ದ ನಮ್ಮ ಮನೆಯಲ್ಲಿ, ಚಾಪೆ ಎಲ್ಲಿ ಹಾಸಬೇಕು ಅನ್ನುವುದನ್ನೂ ನಾನು ಆರಿಸುವ ಹಾಗಿರಲಿಲ್ಲ. ಅದಕ್ಕೇ ಇರಬೇಕು, ಆ ರಾಣಿ ನನ್ನ ಎದೆಯಲ್ಲಿ ಕೂತುಬಿಟ್ಟಳು.

ಚಾಳಿಗೆ ಕೇಬಲ್ ಬಂದಾಗಿನಿಂದ ಮಕ್ಕಳಿಗೆಲ್ಲ ಇದೇ ಹುಚ್ಚು. ದಲೇರ್ ಮೆಹಂದಿ ಹಾಡು ಬಂದರೆ ಗ್ಯಾಲರಿಯಲ್ಲೇ ಕುಣಿತ ಶುರು. ಶ್ವೇತಾ ಶೆಟ್ಟಿ ಹಾಡು ಬಂದರೆ ನಮ್ಮ ಕಡೆಯ ಮಕ್ಕಳಿಗೆ ಇನ್ನೂ ಜಾಸ್ತಿ ಖುಷಿ. ಶೆಟ್ಟಿ ಅಂದಮೇಲೆ ನಮ್ಮವಳೇ ಅಲ್ವಾ ಅಂತ ಮರಾಠಿ ಮಕ್ಕಳ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆವು. ಮರುವರ್ಷ ಲಕ್ಕಿ ಅಲಿಯ ‘ಓ ಸನಮ್’ ಬಂತು. ಅದನ್ನು ಈಗ ಎಲ್ಲಿ ಕೇಳಿದರೂ ನನಗೆ ಒದ್ದೆ ಯೂನಿಫಾರ್ಮ್ ವಾಸನೆ ಬರುತ್ತದೆ. ಮಳೆಗಾಲದಲ್ಲಿ ಒಣಗದ ಬಟ್ಟೆಗಳ ಕೆಳಗೆ ಕೂತು ಆ ಹಾಡು ಕೇಳಿದ್ದೆ, ಅದಕ್ಕೆ.

ಆದರೆ ಮನೆಯಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ಒಂದೇ. ಮಾವ ದುಬೈಯಿಂದ ತಂದುಕೊಟ್ಟಿದ್ದು. ಅದು ಅಪ್ಪಯ್ಯನದ್ದು. ಅಪ್ಪಯ್ಯ ಮಾಟುಂಗಾದ ಒಂದು ಉಡುಪಿ ಹೋಟೆಲ್ಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಬೆಳಗ್ಗೆ ಐದಕ್ಕೆ ಹೊರಟರೆ ಬರುವುದು ರಾತ್ರಿ ಹತ್ತಕ್ಕೆ. ಊಟ ಆದಮೇಲೆ ಒಂದೇ ಒಂದು ಕ್ಯಾಸೆಟ್ ಹಾಕುತ್ತಿದ್ದರು. ಗುಂಡ್ಮಿ ಕಾಳಿಂಗ ನಾವಡರ ಯಕ್ಷಗಾನದ ಪದ್ಯಗಳು. ನಮ್ಮ ಊರು ಸಾಲಿಗ್ರಾಮದ ಹತ್ತಿರ. ನಾವಡರು ಹಾಡುವುದನ್ನು ಅಪ್ಪಯ್ಯ ಎದುರು ಕೂತು ಎಷ್ಟೋ ರಾತ್ರಿ ಕೇಳಿದವರು. 1990ರಲ್ಲಿ, ಮೂವತ್ತೆರಡರ ಆಸುಪಾಸಿನಲ್ಲೇ, ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ದಿನ ಅಪ್ಪಯ್ಯ ಊಟ ಮಾಡಿರಲಿಲ್ಲವಂತೆ. ಆ ಕ್ಯಾಸೆಟ್ ಕುಂದಾಪುರದಲ್ಲಿ ಕೊಂಡದ್ದು. ಮುಂಬೈಯಲ್ಲಿ ಹುಡುಕಿದರೂ ಸಿಗುವಂಥದ್ದಲ್ಲ.

ಅವತ್ತು ಟೇಪ್ ರೆಕಾರ್ಡರಿನೊಳಗೆ ಇದ್ದದ್ದು ಅದೇ ಕ್ಯಾಸೆಟ್. ನಾನು ಕೈತಪ್ಪಿ ಮೊದಲು ಪ್ಲೇ ಒತ್ತಿದೆ. ಚೆಂಡೆ ಕೇಳಿಸಿತು. ಗಡಿಬಿಡಿಯಲ್ಲಿ ಸ್ಟಾಪ್ ಒತ್ತದೆಯೇ ಬಾಗಿಲು ಎಳೆದೆ. ಕ್ಯಾಸೆಟ್ ಹೊರಗೆ ಬಂತು, ಟೇಪು ಬರಲಿಲ್ಲ. ಒಳಗಿನ ಪುಟ್ಟ ರಬ್ಬರ್ ಗಾಲಿಗೆ ಸುತ್ತಿಕೊಂಡಿತ್ತು. ಬಿಡಿಸುವುದು ಬಿಟ್ಟು ಎಳೆದೆ. ಕಂದು ಬಣ್ಣದ ಆ ಪಟ್ಟಿ ಮೊದಲು ಜಗ್ಗಿತು, ಆಮೇಲೆ ಮುದುಡಿತು, ಆಮೇಲೆ ತುಂಡಾಯಿತು.

ಅಲಿಶಾ ಕ್ಯಾಸೆಟ್ ಹಾಕಲೇ ಇಲ್ಲ. ಹಾಗೇ ಒಯ್ದು ಅಕ್ಕನ ಮನೆಯಲ್ಲಿ ಕೊಟ್ಟು ಬಂದೆ. ಅಮ್ಮ ವಾಪಸ್ ಬಂದು, ಗಣಪತಿ ಅರ್ಧ ಚಮಚ ಕುಡಿದ ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು. ನನ್ನ ಕಣ್ಣಲ್ಲೂ ನೀರಿತ್ತು. ಅವರು ಅದನ್ನು ಭಕ್ತಿ ಅಂದುಕೊಂಡರು.

ರಾತ್ರಿ ಅಪ್ಪಯ್ಯ ತಡವಾಗಿ ಬಂದರು. ಮಧ್ಯಾಹ್ನದ ಹೊತ್ತಿಗೇ ಹೋಟೆಲ್ಲಿನಲ್ಲಿ ಹಾಲು ಮುಗಿದು, ಗಿರಾಕಿಗಳಿಗೆ ಸಮಾಧಾನ ಹೇಳಿ ಹೇಳಿ ಸುಸ್ತಾಗಿದ್ದರು. ನಾನು ಕ್ಯಾಸೆಟ್ ಎರಡೂ ಕೈಯಲ್ಲಿ ಹಿಡಿದು ಎದುರು ನಿಂತೆ.

“ಎಂತಾಯ್ತ್ ಮಗಾ?” ಅಂದರು.

ಹೇಳಿದೆ. ಅಪ್ಪಯ್ಯ ಬೈಯಲಿಲ್ಲ. ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ನೆಲಕ್ಕೆ ಪೇಪರ್ ಹಾಸಿದರು. ಕ್ಯಾಸೆಟ್ಟಿನ ಐದೂ ಸ್ಕ್ರೂ ಬಿಚ್ಚಿ, ಅಮ್ಮನ ಕುಂಕುಮದ ಡಬ್ಬಿಯ ಮುಚ್ಚಳದಲ್ಲಿ ಒಂದೊಂದಾಗಿ ಇಟ್ಟರು. ನನಗೆ ಟಾರ್ಚ್ ಹಿಡಿಯಲು ಹೇಳಿದರು. ಮುದುಡಿದ ಭಾಗವನ್ನು ಉಗುರಿನಿಂದ ನೀವಿ ನೋಡಿದರು. ಸರಿಹೋಗಲಿಲ್ಲ. ದಾಡಿ ಬ್ಲೇಡಿನಿಂದ ಎರಡೂ ಕಡೆ ಓರೆಯಾಗಿ ಕತ್ತರಿಸಿದರು. ಎರಡು ತುದಿ ಜೋಡಿಸಿ, ಹಿಂಬದಿಗೆ ಸೆಲ್ಲೋ ಟೇಪ್ ಅಂಟಿಸಿ, ಅಂಚಿನಲ್ಲಿ ಉಳಿದದ್ದನ್ನು ಬ್ಲೇಡಿನಿಂದಲೇ ತೆಗೆದರು. ಟೇಪಿನ ಅಗಲ ನಾಲ್ಕು ಮಿಲಿಮೀಟರೂ ಇರುವುದಿಲ್ಲ. ದಿನವಿಡೀ ನೋಟು ಎಣಿಸಿದ ಆ ದಪ್ಪ ಬೆರಳುಗಳು ಒಂದು ಸಲವೂ ನಡುಗಲಿಲ್ಲ. ಕೊನೆಗೆ ಪೆನ್ಸಿಲ್ ತೂರಿಸಿ ತಿರುಗಿಸುತ್ತಾ ಟೇಪು ಬಿಗಿ ಮಾಡಿದರು.

ಕತ್ತರಿಸಿ ತೆಗೆದ ತುಂಡನ್ನು ನೆಲದ ಮೇಲಿಟ್ಟು ಕೈಯಿಂದ ಅಳೆದರು. ಸರಿಯಾಗಿ ಒಂದು ಗೇಣು. ಅದನ್ನು ಬಿಸಾಡಲಿಲ್ಲ. ಮಡಚಿ, ಕ್ಯಾಸೆಟ್ ಬಾಕ್ಸಿನ ಚಿತ್ರದ ಹಿಂದೆ ಸಿಕ್ಕಿಸಿಟ್ಟರು.

ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಒಂದು ಗೇಣು ಅಂದರೆ ಹೆಚ್ಚುಕಡಿಮೆ ಐದು ಸೆಕೆಂಡ್. ಅಲ್ಲಿಂದ ಮುಂದೆ ದಿನಾ ರಾತ್ರಿ ಆ ಜಾಗ ಬರುತ್ತಿತ್ತು. ನಾವಡರ ದನಿ ಮೇಲೆ ಮೇಲೆ ಏರುತ್ತಾ ಹೋಗಿ, ಟಕ್ ಅಂತ ಮುಂದಿನ ಸಾಲಿಗೆ ಹಾರುತ್ತಿತ್ತು. ಪ್ರತಿ ಸಲ ನಾನು ಹೊದಿಕೆಯೊಳಗೆ ಉಸಿರು ಬಿಗಿಹಿಡಿಯುತ್ತಿದ್ದೆ. ಅಪ್ಪಯ್ಯ ಮಾತ್ರ ಆ ಹಾರಿಹೋದ ಐದು ಸೆಕೆಂಡನ್ನು ತಾವೇ ಸಣ್ಣ ದನಿಯಲ್ಲಿ ಗುನುಗಿ ತುಂಬಿಸುತ್ತಿದ್ದರು. ಅವರು ಮುಗಿಸುವಷ್ಟರಲ್ಲಿ ಟೇಪು ಮುಂದೆ ಹೋಗಿರುತ್ತಿತ್ತು.

ಆ ದೀಪಾವಳಿಗೆ ಅವರೇ ನನಗೆ ‘ಮೇಡ್ ಇನ್ ಇಂಡಿಯಾ’ ಕ್ಯಾಸೆಟ್ ತಂದುಕೊಟ್ಟರು. ಬಾಗಿಲು ತೆಗೆಯುವ ಮೊದಲು ಸ್ಟಾಪ್ ಒತ್ತಬೇಕು ಅಂತ ಬೆರಳು ಹಿಡಿದು ತೋರಿಸಿದರು. ಅಷ್ಟೇ.

ಈ ಮಳೆಗಾಲದಲ್ಲಿ ಡೊಂಬಿವಲಿಯ ಮನೆ ಖಾಲಿ ಮಾಡುವಾಗ ಆ ಬಾಕ್ಸ್ ಸಿಕ್ಕಿತು. ಚಿತ್ರದ ಹಿಂದೆ ಒಂದು ಗೇಣು ಟೇಪು ಹಾಗೇ ಇತ್ತು. ಟೇಪ್ ರೆಕಾರ್ಡರ್ ಹೋಗಿ ಎಷ್ಟೋ ವರ್ಷವಾಗಿದೆ. ಆ ಪದ್ಯವನ್ನು ಫೋನಿನಲ್ಲಿ ಹುಡುಕಿ ಹಾಕಿದೆ. ಆ ಜಾಗ ಬಂತು. ನನ್ನ ಉಸಿರು ತಾನೇ ನಿಂತಿತು. ಆದರೆ ದನಿ ಹಾರಲಿಲ್ಲ. ಏರಿ, ಅಲ್ಲೇ ಒಂದು ಸುತ್ತು ಸುತ್ತಿ, ಮೆಲ್ಲಗೆ ಇಳಿಯಿತು. ಅಲ್ಲಿ ಅಷ್ಟು ಚೆಂದದ ತಿರುವು ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

“ಹ್ಞಾಂ, ಇದೇ,” ಅಂದರು ಅಪ್ಪಯ್ಯ. ಕಣ್ಣು ಮುಚ್ಚಿಕೊಂಡಿದ್ದರು.

ಸ್ವಲ್ಪ ಹೊತ್ತು ಬಿಟ್ಟು, “ನಿನ್ ಆ ಹಾಡ್ ಹಾಕ್,” ಅಂದರು. ಹಾಕಿದೆ. ಹಾಡು ಓಡುವಾಗ ಒಂದು ವಿಷಯ ಹೇಳಿದೆ. ಇದಕ್ಕೆ ಸಂಗೀತ ಮಾಡಿದ್ದು ಬಿದ್ದು ಅನ್ನುವವರು. ಬೆಂಗಳೂರಿನಲ್ಲಿ ಹುಟ್ಟಿದವರು, ಕೊಡವರು. ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಅನ್ನುವ ಹಾಡು ಮಾಡಿ ಜಗತ್ತನ್ನೇ ಕುಣಿಸಿದರು. ನಾಜಿಯಾ ಹಸನ್ ಹಾಡಿದ ‘ಆಪ್ ಜೈಸಾ ಕೋಯಿ’ ಕೂಡ ಅವರದ್ದೇ. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ.

“ಅಪ್ಪಯ್ಯನಾ?” ಅಂದರು, ಮುಖ ಅರಳಿಸಿಕೊಂಡು.

“ಹೌದು ಅಪ್ಪಯ್ಯ.”

ಅವರು ಕ್ಯಾಸೆಟ್ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡು ಬೆರಳಿನಿಂದ ತಾಳ ಹಾಕತೊಡಗಿದರು. ಹಾಡು ಮುಗಿಯಿತು. ಬೆರಳು ನಿಲ್ಲಲಿಲ್ಲ.

“ಇನ್ನೊಂದ್ಸಲ ಹಾಕ್,” ಅಂದರು.